ಉಪ್ಪಿನ ನೆರೆಯಲ್ಲಿ ಪೈರಿನ ಸಂಸಾರ

ಮಾವಿನ ಮಿಡಿಯ ಕಾಲದಲ್ಲಿ ನಮ್ಮ ಗೃಹಿಣಿಯರು ಮಾಡುವ ಒಂದು ಕೆಲಸವನ್ನು ವಾಚಕರೆಲ್ಲರೂ ಕಂಡಿರುವರು. ತೊಳೆದು, ಒರೆಸಿ, ಆರಿಸಿದ ಮಿಡಿಗಳನ್ನು ಭರಣಿಯಲ್ಲಿ ಒಂದು ಪದರ, ಅದರ ಮೇಲೆ ಹರಳುಪ್ಪು ಒಂದು ಪದರ, ಹೀಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಡುವರು. ಒಂದು ತೊಟ್ಟು ನೀರನ್ನೂ ಯಾರೂ ಹಾಕುವುದಿಲ್ಲ. ಆದರೂ ಕೆಲವು ದಿನಗಳು ಕಳೆದು ಬಟ್ಟೆ ಬಿಚ್ಚಿ ನೋಡಿದರೆ ಭರಣಿಯಲ್ಲಿ ಉಪ್ಪುನೀರು ನಿಂತಿರುತ್ತದೆ. ಗಟ್ಟಿಯಾಗಿ ನುಣುಪಾಗಿದ್ದ ಮಿಡಿಗಳು ಮುದುಕರ ಕೈಯ ತೊಗಲಿನಂತೆ ಸುಕ್ಕುಗಟ್ಟಿರುತ್ತವೆ. ಈ ನೀರು ಎಲ್ಲಿಂದ ಬಂದಿತು? ಮಿಡಿಯೊಳಗಿನಿಂದಲೇ ಬಂದಿತು. ಉಪ್ಪು ಅದನ್ನು ಹೊರಕ್ಕೆ ಸೆಳೆಯಿತು.

ಇದನ್ನು ಕಂಡವರ ಮನಸ್ಸಿನಲ್ಲಿ ಒಂದು ಸಂದೇಹವು ಹುಟ್ಟಬೇಕಾದುದು ಸಹಜವು. ಭರಣಿಯ ಉಪ್ಪು ಮಿಡಿಯ ರಸವನ್ನು ಹೀಗೆ ಹೀರುವುದಾದರೆ, ಕಡಲಂಚಿನ ಉಪ್ಪು ಮಣ್ಣಿನಲ್ಲಿ ಬೇರುಬಿಟ್ಟ ಗಿಡಗಳು ಒಣಗಿ ಸಾಯದೆ ನಿಲ್ಲುವುದು ಹೇಗೆ? ಈ ತಿಂಗಳು ಈ ಪುಟದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯು ಘಟ್ಟವನ್ನಿಳಿದು ಕುಮಟಾದ ಬಳಿಯಲ್ಲಿ ಕಡಲನ್ನು ಕೂಡುತ್ತದೆ. ಕೂಡುವ ಮೊದಲು ಅದು ಅಗಲವಾಗಿ ಹರಡಿಕೊಂಡು, ಭರತದ ಹೊತ್ತಿನಲ್ಲಿ ಉಪ್ಪುನೀರನ್ನು ಒಳಕ್ಕೆ ಬರಮಾಡಿ, ಇಳಿತದ ಹೊತ್ತಿನಲ್ಲಿ ಹೊರಕ್ಕೆ ಕಳುಹುತ್ತದೆ. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿಸಿದ್ದಾರೆ. ಈ ಒಂದೇ ನೀರಿನ ದಂಡೆಯಲ್ಲಿ ಮೂರು ನೋಟಗಳನ್ನು ಕಾಣಬಹುದು. ಸಾಣಿಕಟ್ಟಾದ ಆಗರಗಳಲ್ಲಿ ಈ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪನ್ನು ತೆಗೆಯುತ್ತಾರೆ. ಕೆಸರಿನ ದಡಗಳಲ್ಲಿ ಕಾಂಡ್ಲಾ ಗಿಡಗಳು ದಿನಕ್ಕೆರಡು ಸಲ ಅದೇ ನೀರಿನಲ್ಲಿ ಕಾಲು ನೆನೆಯಿಸಿಕೊಂಡು ಹಸುರಾಗಿ ನಿಂತಿವೆ. ಒಡ್ಡು ಕಟ್ಟಿ ಕಾಪಾಡಿಕೊಂಡ ತಗ್ಗಿನ ಗದ್ದೆಗಳಲ್ಲಿ, ಅಂದರೆ ಅಲ್ಲಿಯವರು ಗಜನಿ ಎಂದು ಕರೆಯುವ ಭೂಮಿಯಲ್ಲಿ, ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಆಳೆತ್ತರಕ್ಕೆ ಬೆಳೆಯುವ, ಕಾಳಿನ ತುದಿಯಲ್ಲಿ ಮೀಸೆಯುಳ್ಳ, ಕೆಂಪಕ್ಕಿಯ ಭತ್ತವದು. ಭತ್ತದ ಜಾತಿಗೆ ಉಪ್ಪೆಂದರೆ ಆಗದು. ಧಾನ್ಯಗಳಲ್ಲಿ ಬಾರ್ಲಿಯು ಬಹಳವಾಗಿ ತಾಳುತ್ತದೆ, ಭತ್ತವು ಬಹಳ ಕಡಿಮೆ. ಹಾಗಿರಲು ಕಗ್ಗವು ಅಲ್ಲಿ ತೆನೆಬಿಡುವುದು ಸಾಮಾನ್ಯ ಸಂಗತಿಯಲ್ಲ.

ಇದರ ಮರ್ಮವನ್ನು ತಿಳಿಯಬೇಕಾದರೆ ಗಿಡದ ಅತ್ಯಂತ ಸಣ್ಣ ಮನೆಯಾದ ಜೀವಕೋಶದೊಳಕ್ಕೆ ಹೋಗಬೇಕು. ಈರುಳ್ಳಿಯ ತೆಳ್ಳಗಿನ ಒಳಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇಟ್ಟಿಗೆ ಜೋಡಿಸಿದಂತೆ ಕಾಣುವುವೇ ಜೀವಕೋಶಗಳು. ಪ್ರತಿಯೊಂದಕ್ಕೂ ಹೊರಗೆ ಗಟ್ಟಿಯಾದ ಗೋಡೆ. ಗೋಡೆಗೆ ಒತ್ತಿಕೊಂಡು ಒಳಗೆ ಅತಿ ನವುರಾದ ಒಂದು ಪೊರೆ. ಆ ಪೊರೆಯೊಳಗೆ ಜೀವರಸ. ಜೀವದ ಕಾರ್ಯವೆಲ್ಲವೂ ನಡೆಯುವುದು ಜೀವರಸದಲ್ಲಿ. ಅದರ ನಡುವೆ ಇನ್ನೊಂದು ಪೊರೆಯಿಂದ ಸುತ್ತುವರಿದ ನೀರಿನ ಚೀಲವುಂಟು. ಅದನ್ನು ರಸದಾನಿಯೆನ್ನುವರು. ಬಲಿತ ಕೋಶದಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಸ್ಥಳವನ್ನು ರಸದಾನಿಯೇ ಆಕ್ರಮಿಸಿರುತ್ತದೆ. ಬೀಟ್‌ರೂಟನ್ನು ಹೆಚ್ಚುವಾಗ ಕೈಗೆ ಹತ್ತುವ ಕೆಂಪು ರಸವು ಈ ರಸದಾನಿಗಳಲ್ಲಿ ಕೂಡಿಟ್ಟುದೇ ಆಗಿದೆ. ಹೀಗೆ ಜೀವಕೋಶವು ಎರಡು ಬಾಗಿಲುಗಳ ಮನೆ: ಬೀದಿಯ ಬಾಗಿಲು ಒಂದು, ಉಗ್ರಾಣದ ಬಾಗಿಲು ಒಂದು. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ಪೊರೆಗಳು ನೀರನ್ನು ಸುಲಭವಾಗಿ ಬಿಡುತ್ತವೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಪೊರೆಯ ಒಂದು ಕಡೆ ಉಪ್ಪು ಹೆಚ್ಚಾಗಿದ್ದರೆ ನೀರು ಆ ಕಡೆಗೆ ಸರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಎಂಬ ಸಸ್ಯಶಾಸ್ತ್ರಜ್ಞರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಗಿಡದ ಕೋಶಗಳನ್ನು ಉಪ್ಪುನೀರಿನಲ್ಲಿಟ್ಟು, ಒಳಗಿನ ಜೀವರಸವು ಕುಗ್ಗಿ ಗೋಡೆಯನ್ನು ಬಿಟ್ಟು ಹಿಂದಕ್ಕೆ ಸರಿಯುವುದನ್ನು ಅಳೆದು ತೋರಿಸಿದರು. ನಮ್ಮ ಭರಣಿಯ ಮಿಡಿಯಲ್ಲಿ ನಡೆದುದೂ ಇದೇ.

ಉಪ್ಪಿನಿಂದ ಗಿಡಕ್ಕೆ ಒದಗುವ ಕೇಡು ಎರಡು ವಿಧವಾದುದು. ಮೊದಲನೆಯದು ಬಾಯಾರಿಕೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರಿನಿಂದ ಉಪ್ಪನ್ನು ಬಿಟ್ಟು ಸಿಹಿನೀರನ್ನು ಮಾತ್ರ ಸೆಳೆಯಬೇಕಾದರೆ ಸುಮಾರು 25 ವಾಯುಮಂಡಲಗಳ ಒತ್ತಡಕ್ಕೆ ಸಮನಾದ ಸೆಳೆತವು ಬೇಕು. ಅಂದರೆ 250 ಮೀಟರು ಆಳದ ಬಾವಿಯಿಂದ ನೀರೆತ್ತುವಷ್ಟು ಶ್ರಮ. ಕಾಲ ಬುಡದಲ್ಲಿ ನೀರು ತುಂಬಿದ್ದರೂ ಗಿಡಕ್ಕೆ ಅದು ಬರಗಾಲವೇ. ಎರಡನೆಯದು ವಿಷ. ಅಡಿಗೆಯ ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ, ಕ್ಲೋರಿನ್ ಎಂಬ ಎರಡರ ಅಯಾನುಗಳಾಗಿ ಒಡೆಯುತ್ತದೆ. ಜೀವರಸದಲ್ಲಿ ದುಡಿಯುವ ಕಿಣ್ವಗಳಲ್ಲಿ 50ಕ್ಕೂ ಹೆಚ್ಚಿನವಕ್ಕೆ ಪೊಟ್ಯಾಸಿಯಂ ಬೇಕು. ಸೋಡಿಯಂ ಅದರ ದಾಯಾದಿಯಂತಿದ್ದು, ಅದೇ ದಾರಿಯಿಂದ ನುಗ್ಗಿ, ಅದರ ಪೀಠದಲ್ಲಿ ತಾನು ಕುಳಿತುಕೊಳ್ಳುತ್ತದೆ. ಆದರೆ ಅದರ ಕೆಲಸವನ್ನು ಮಾತ್ರ ಮಾಡಲಾರದು. ಕಿಣ್ವಗಳು ನಿಂತುಹೋಗುತ್ತವೆ, ಎಲೆಯ ತುದಿ ಸುಡುತ್ತದೆ.

ಹಾಗಾದರೆ ಕಾಂಡ್ಲಾದಂತಹ ಗಿಡಗಳ ಜೀವರಸವು ಉಪ್ಪಿಗೆ ಪಳಗಿಹೋಗಿರಬೇಕೆಂದು ಯಾರಿಗಾದರೂ ತೋರುವುದು. ಶಾಸ್ತ್ರಜ್ಞರಿಗೂ ಬಹುಕಾಲ ಹೀಗೆಯೇ ತೋರುತ್ತಿದ್ದಿತು. ಇದನ್ನು ಒರೆಗೆ ಹಚ್ಚಿದವರಲ್ಲಿ ಗ್ರೀನ್‌ವೇ ಮತ್ತು ಆಸ್ಮಂಡ್ ಎಂಬಿಬ್ಬರ ಹೆಸರು ಮುಖ್ಯವಾದುದು. ಇವರು ಉಪ್ಪುನೆಲದಲ್ಲಿ ಸಲೀಸಾಗಿ ಬೆಳೆಯುವ ಗಿಡಗಳಿಂದಲೂ, ಉಪ್ಪನ್ನು ಸ್ವಲ್ಪವೂ ತಾಳದ ಬೀನ್ಸಿನ ಗಿಡದಿಂದಲೂ ಕಿಣ್ವಗಳನ್ನು ಬೇರ್ಪಡಿಸಿ, ಎರಡನ್ನೂ ಗಾಜಿನ ನಳಿಗೆಯಲ್ಲಿ ಉಪ್ಪಿಗೆ ಒಡ್ಡಿ ನೋಡಿದರು. 1972ರಲ್ಲಿ ಪ್ರಕಟವಾದ ಫಲಿತಾಂಶವು ಆಶ್ಚರ್ಯಕರವಾಗಿದ್ದಿತು. ಉಪ್ಪಿನಲ್ಲಿ ಬಾಳುವ ಗಿಡದ ಕಿಣ್ವಗಳು ಬೀನ್ಸಿನ ಕಿಣ್ವಗಳಷ್ಟೇ ಸುಕುಮಾರವಾಗಿದ್ದುವು. ಉಪ್ಪು ಹೆಚ್ಚಿದಂತೆ ಎರಡೂ ಒಂದೇ ರೀತಿಯಾಗಿ ಸೋತುವು.

ಇದರ ಅರ್ಥವನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಉಪ್ಪನ್ನು ತಾಳುವ ಗಿಡವೆಂದರೆ ಉಪ್ಪಿಗೆ ಜಡ್ಡುಗಟ್ಟಿದ ಗಿಡವಲ್ಲ. ಅದರ ಒಳಗಿನ ಜೀವವು ನಮ್ಮ ಹಿತ್ತಲಿನ ಬೀನ್ಸಿನ ಬಳ್ಳಿಯಷ್ಟೇ ಮೃದುವಾಗಿದೆ. ವ್ಯತ್ಯಾಸವಿರುವುದು ಮನೆವಾರ್ತೆಯಲ್ಲಿ. ಉಪ್ಪು ಜೀವರಸವನ್ನು ಮುಟ್ಟದಂತೆ ಅದು ಹಗಲಿರುಳೂ ಕಾಯುತ್ತದೆ. ಈ ಕಾವಲಿನ ಕ್ರಮವನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಕಾವಲು ಹೆಬ್ಬಾಗಿಲಿನದು. ಕಾಂಡ್ಲಾ ಗಿಡಗಳ ಬೇರು ಸಮುದ್ರದ ನೀರನ್ನು ಸೋಸಿ, ಉಪ್ಪಿನ ಬಹುಪಾಲನ್ನು ಹೊರಗೇ ನಿಲ್ಲಿಸಿಬಿಡುತ್ತದೆ. ಅಮೆರಿಕದಲ್ಲಿದ್ದ ಶೊಲಾಂಡರ್ ಎಂಬವರು ತಮ್ಮ ಸಹಾಯಕರೊಡನೆ, ಎಲೆಗಳುಳ್ಳ ಕೊಂಬೆಯನ್ನು ಭದ್ರವಾದ ಪೆಟ್ಟಿಗೆಯಲ್ಲಿಟ್ಟು, ಕತ್ತರಿಸಿದ ತುದಿಯನ್ನು ಮಾತ್ರ ಹೊರಗೆ ಬಿಟ್ಟು, ಒಳಗೆ ಅನಿಲದ ಒತ್ತಡವನ್ನು ಏರಿಸುತ್ತಾ ಹೋಗಿ, ತುದಿಯಲ್ಲಿ ರಸವು ಜಿನುಗುವ ಕ್ಷಣವನ್ನು ಗುರುತಿಸಿದರು. 1965ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ಕಾಂಡ್ಲಾ ಜಾತಿಯ ಮರಗಳು ನಾವು ಮೇಲೆ ಹೇಳಿದ 25 ವಾಯುಮಂಡಲಗಳಿಗಿಂತಲೂ ಬಲವಾಗಿ ನೀರನ್ನು ಸೆಳೆಯುತ್ತವೆಂದು ಸಿದ್ಧವಾಯಿತು. ಅವಿಸೆನಿಯ ಎಂಬ ಕುಲದ ಕಾಂಡ್ಲಾಗಳು ಇಷ್ಟಕ್ಕೇ ತೃಪ್ತಿಪಡದೆ, ಸೋಸಿಯೂ ಒಳಹೊಕ್ಕ ಉಪ್ಪನ್ನು ಎಲೆಯಲ್ಲಿರುವ ಗ್ರಂಥಿಗಳ ಮೂಲಕ ಹೊರಕ್ಕೆ ಬೆವರುತ್ತವೆ. ಬಿಸಿಲಿನಲ್ಲಿ ಆ ಎಲೆಯ ಮೇಲೆ ಉಪ್ಪಿನ ಸಣ್ಣ ಹರಳುಗಳು ಹೊಳೆಯುವುದನ್ನು ಕಣ್ಣಾರೆ ಕಾಣಬಹುದು.

ಭತ್ತಕ್ಕೆ ಇಂತಹ ಗ್ರಂಥಿಗಳ ಸೌಭಾಗ್ಯವಿಲ್ಲ. ಅದು ಕೋಶದ ಬೀದಿಬಾಗಿಲಿನಲ್ಲಿಯೇ ಕಾಯಬೇಕು. ಬೇರಿನ ಕೋಶಕ್ಕೆ ಉಪ್ಪು ತಾಕಿದ ಕೆಲವು ಕ್ಷಣಗಳಲ್ಲಿಯೇ ಜೀವರಸದಲ್ಲಿ ಸುಣ್ಣದ ಮೂಲವಾದ ಕ್ಯಾಲ್ಸಿಯಂ ಏರುತ್ತದೆ. ಇದು ಗಂಟೆ ಬಾರಿಸಿದಂತೆ. ಅದನ್ನು ಕೇಳಿ ಎರಡು ಪ್ರೋಟೀನುಗಳು ಎಚ್ಚತ್ತು, ಹೊರಪೊರೆಯಲ್ಲಿರುವ ಮೂರನೆಯ ಪ್ರೋಟೀನನ್ನು ಕೆಲಸಕ್ಕೆ ಹಚ್ಚುತ್ತವೆ. ಅದು ಒಳಬಂದ ಸೋಡಿಯಂ ಅನ್ನು ಹಿಡಿದು ಹೊರಕ್ಕೆ ನೂಕುತ್ತದೆ. ಅಮೆರಿಕದಲ್ಲಿ ಚೀನೀ ಮೂಲದ ಶಾಸ್ತ್ರಜ್ಞರಾದ ಜಿಯಾನ್‌ಕಾಂಗ್ ಝೂ ಮತ್ತು ಅವರ ಸಂಗಡಿಗರು ಸಾಸಿವೆಯ ಬಳಗಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ 1996ರಿಂದ ಮೊದಲುಮಾಡಿ ಈ ಸರಪಣಿಯನ್ನು ಕೊಂಡಿಕೊಂಡಿಯಾಗಿ ಬಿಡಿಸಿದರು. ಇದಕ್ಕೆ ಅವರಿಟ್ಟ ಹೆಸರು ಎಸ್.ಒ.ಎಸ್. ಮುಳುಗುವ ಹಡಗಿನಿಂದ ಹೊರಡುವ ಕೂಗಿನ ಹೆಸರೂ ಅದೇ ಅಲ್ಲವೆ?

ಈ ಕಾವಲನ್ನೂ ತಪ್ಪಿಸಿಕೊಂಡು ಸ್ವಲ್ಪ ಉಪ್ಪು ಬೇರಿನಿಂದ ಮೇಲಕ್ಕೆ ನೀರಿನ ನಾಳಗಳಲ್ಲಿ ಹೊರಡುತ್ತದೆ. ಅದು ಎಳೆಯ ಎಲೆಯನ್ನೂ ತೆನೆಯನ್ನೂ ಸೇರಿದರೆ ಬೆಳೆ ಹೋಯಿತೆಂದೇ ಎಣಿಸಬೇಕು. ಬಂಗಾಳದ ಕರಾವಳಿಯಲ್ಲಿ ನೋನಾ ಬೋಕ್ರಾ ಎಂಬ ಹಳೆಯ ಭತ್ತವೊಂದುಂಟು. ಅದು ಕೂಡ ಕಗ್ಗದಂತೆ ಉಪ್ಪುನೆಲದ ತಳಿ. ಚೀನಾದೇಶದ ಶಾಸ್ತ್ರಜ್ಞರು ಇದನ್ನು ಜಪಾನಿನ ಸುಕುಮಾರವಾದ ಭತ್ತವೊಂದರೊಡನೆ ಸಂಕರಮಾಡಿ ಪರೀಕ್ಷಿಸಿ, ಉಪ್ಪನ್ನು ದಾರಿಯಲ್ಲಿ ತಡೆಯುವ ವಂಶವಾಹಿಯೊಂದನ್ನು 2005ರಲ್ಲಿ ಗುರುತಿಸಿದರು. ಅದರಿಂದ ಹುಟ್ಟುವ ಪ್ರೋಟೀನು ನೀರಿನ ನಾಳದ ಮಗ್ಗುಲಲ್ಲಿ ಕುಳಿತು, ಮೇಲಕ್ಕೆ ಹೋಗುತ್ತಿರುವ ಸೋಡಿಯಂ ಅನ್ನು ನೀರಿನಿಂದ ಹೆಕ್ಕಿ ಹೊರತೆಗೆಯುತ್ತದೆ. ಇಷ್ಟಾದರೂ ಮೇಲೇರಿದ ಉಪ್ಪನ್ನು ಭತ್ತವು ಹಣ್ಣಾಗಿ ಉದುರುವ ಹಳೆಯ ಎಲೆಗಳಲ್ಲಿ ಕೂಡಿಟ್ಟು, ಎಳೆಯ ಎಲೆಗಳನ್ನು ಶುದ್ಧವಾಗಿಡುತ್ತದೆ. ಮನೆಯ ಹಿರಿಯರು ಕಷ್ಟವನ್ನು ತಮ್ಮ ಮೇಲೆ ಹಾಕಿಕೊಂಡು ಮಕ್ಕಳನ್ನು ಕಾಯುವುದನ್ನು ಇದು ನೆನಪಿಗೆ ತರುತ್ತದೆ.

ಇನ್ನು ಉಗ್ರಾಣದ ಮಾತು. ಕೋಶದೊಳಗೆ ಬಂದೇಬಿಟ್ಟ ಸೋಡಿಯಂ ಅನ್ನು ರಸದಾನಿಯೊಳಕ್ಕೆ ತಳ್ಳಿ ಬಾಗಿಲು ಹಾಕಿಬಿಡುವುದುಂಟು. ಇದು ತಾನಾಗಿ ಆಗುವ ಕೆಲಸವಲ್ಲ. ರಸದಾನಿಯ ಪೊರೆಯಲ್ಲಿರುವ ಪಂಪುಗಳು ಮೊದಲು ಹೈಡ್ರೊಜನ್ ಅಯಾನುಗಳನ್ನು ಒಳಕ್ಕೆ ತುಂಬುತ್ತವೆ. ಎತ್ತರದ ಕೆರೆಯ ನೀರು ಕೆಳಕ್ಕೆ ಹರಿಯುವಾಗ ಗಿರಣಿಯ ಚಕ್ರವನ್ನು ತಿರುಗಿಸುವಂತೆ, ಆ ಹೈಡ್ರೊಜನ್ ಹೊರಕ್ಕೆ ಹರಿಯುವಾಗ ಆ ರಭಸದಲ್ಲಿ ಸೋಡಿಯಂ ಒಳಕ್ಕೆ ಹೋಗುತ್ತದೆ. ಹೀಗೆ ಉಗ್ರಾಣವನ್ನು ಸೇರಿದ ಉಪ್ಪು ಶತ್ರುವಾಗಿದ್ದುದು ಉಪಕಾರಿಯಾಗುತ್ತದೆ. ಏಕೆಂದರೆ ಅದೇ ಉಪ್ಪಿನ ಸೆಳೆತದಿಂದ ಕೋಶವು ಹೊರಗಿನ ಉಪ್ಪು ಮಣ್ಣಿನಿಂದ ನೀರನ್ನು ಪಡೆಯಬಲ್ಲದು.

ಆದರೆ ಇಲ್ಲೊಂದು ತೊಡಕುಂಟು. ರಸದಾನಿಯಲ್ಲಿ ಉಪ್ಪು ತುಂಬಿದರೆ, ಅದು ತನ್ನ ಸುತ್ತಲಿನ ಜೀವರಸದ ನೀರನ್ನೇ ಹೀರಲಾರಂಭಿಸುವುದಿಲ್ಲವೆ? ಭರಣಿಯ ಮಿಡಿಯ ಗತಿಯೇ ಮನೆಯೊಳಗೆ ಬಂದಂತಾಗುವುದಿಲ್ಲವೆ? ಅದಕ್ಕಾಗಿ ಜೀವರಸವು ತನ್ನಲ್ಲಿಯೂ ಏನನ್ನಾದರೂ ಕರಗಿಸಿಟ್ಟುಕೊಂಡು ತೂಕವನ್ನು ಸರಿದೂಗಿಸಬೇಕು. ಆ ವಸ್ತುವು ಕಿಣ್ವಗಳಿಗೆ ಕೇಡುಮಾಡದಂತಹುದಾಗಿರಬೇಕು. ಇದಕ್ಕಾಗಿ ಗಿಡಗಳು ಪ್ರೋಲೀನ್, ಬಿಟೈನ್ ಮೊದಲಾದ ಸಾಧುವಾದ ಪದಾರ್ಥಗಳನ್ನು ತಯಾರಿಸಿಕೊಳ್ಳುತ್ತವೆ. ಬಿಟೈನ್ ಎಂಬ ಹೆಸರು ಬೀಟ್‌ರೂಟಿನಿಂದಲೇ ಬಂದಿತು. ಬೀಟ್‌ರೂಟಿನ ಪೂರ್ವಿಕರು ಯೂರೋಪಿನ ಕಡಲತೀರದ ಗಿಡಗಳು. ತರಕಾರಿಯ ತೋಟಕ್ಕೆ ಬಂದು ಎಷ್ಟೋ ತಲೆಮಾರುಗಳಾದರೂ ಅದು ಈ ಹಳೆಯ ವಿದ್ಯೆಯನ್ನು ಮರೆತಿಲ್ಲ. ಉಳಿದ ತರಕಾರಿಗಳಿಗಿಂತ ಉಪ್ಪು ಮಣ್ಣನ್ನು ಚೆನ್ನಾಗಿ ತಾಳುತ್ತದೆ.

ಈ ಕಾವಲುಗಳೆಲ್ಲಕ್ಕೂ ವೆಚ್ಚವುಂಟು. ಪಂಪು ತಿರುಗಬೇಕಾದರೆ ಶಕ್ತಿ ಬೇಕು; ಪ್ರೋಲೀನ್, ಬಿಟೈನ್‌ಗಳನ್ನು ಮಾಡಲು ಇಂಗಾಲವೂ ಸಾರಜನಕವೂ ಬೇಕು. ಬಿಸಿಲಿನಲ್ಲಿ ಎಲೆಯು ಸಂಪಾದಿಸಿದುದರಲ್ಲಿ ಒಂದು ಭಾಗವು ಹೀಗೆ ಕಾವಲಿಗೆ ಹೋಗಿ, ಕಾಳಿಗೆ ಸಲ್ಲುವುದು ಅಷ್ಟು ಕಡಿಮೆಯಾಗುತ್ತದೆ. ಉಪ್ಪುನೆಲದ ಭತ್ತವು ಸಿಹಿನೆಲದ ಹೊಸ ತಳಿಗಳಷ್ಟು ಇಳುವರಿ ಕೊಡುವುದಿಲ್ಲವೆಂದು ಆಕ್ಷೇಪಿಸುವವರು ಈ ಲೆಕ್ಕವನ್ನು ಮರೆಯಬಾರದು. ಗಜನಿಯ ಒಕ್ಕಲಿಗನು ಇದನ್ನರಿತೇ ಪೈರಿಗೆ ತನ್ನ ಕಡೆಯಿಂದ ಸಹಾಯಮಾಡುತ್ತಾನೆ. ಭತ್ತದ ಸಸಿಯ ಪ್ರಾಯದಲ್ಲಿಯೂ ಹೂಬಿಡುವ ಸಮಯದಲ್ಲಿಯೂ ಉಪ್ಪನ್ನು ತಾಳುವ ಶಕ್ತಿಯು ತೀರ ಕಡಿಮೆ. ಆದಕಾರಣ ಮುಂಗಾರಿನ ಮಳೆ ಸುರಿದು ಗದ್ದೆಯ ಉಪ್ಪು ತೊಳೆದುಹೋದ ಮೇಲೆಯೇ ಬಿತ್ತನೆ. ಭರತದ ನೀರು ಒಳನುಗ್ಗದಂತೆ ಒಡ್ಡಿನ ಮೇಲೆ ಸದಾ ಕಣ್ಣು. ಕೊಯಿಲಾದ ಮೇಲೆ ತೂಬು ತೆರೆದು ಉಪ್ಪುನೀರನ್ನು ಒಳಕ್ಕೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿಗಳ ಬೆಳೆ. ಒಡ್ಡು ಒಂದು ಕಡೆ ಒಡೆದರೆ ನಷ್ಟವು ಒಬ್ಬನದಲ್ಲ. ಅದರ ಹಿಂದಿರುವ ಗದ್ದೆಗಳೆಲ್ಲಕ್ಕೂ ಉಪ್ಪು ನುಗ್ಗುತ್ತದೆ.

ಇದು ಕಡಲತೀರದವರ ಮಾತು ಮಾತ್ರವೇ ಎಂದು ಬಯಲುಸೀಮೆಯ ವಾಚಕರು ಎಣಿಸಬಾರದು. ಭಾರತದಲ್ಲಿ ಉಪ್ಪು ಮತ್ತು ಕ್ಷಾರದಿಂದ ಕೆಟ್ಟ ಭೂಮಿಯು ಸುಮಾರು 67 ಲಕ್ಷ ಹೆಕ್ಟೇರುಗಳೆಂದು ಲೆಕ್ಕಹಾಕಿದ್ದಾರೆ. ಈ ವಿಷಯದ ಸಂಶೋಧನೆಗಾಗಿಯೇ 1969ರಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪಿತವಾಗಿ ಹರಿಯಾಣದ ಕರ್ನಾಲಿನಲ್ಲಿ ನಡೆಯುತ್ತಿದೆ. ನಮ್ಮ ತುಂಗಭದ್ರೆಯ ಕಾಲುವೆಗಳ ಕೆಳಗೆ ಕೂಡ, ಅತಿಯಾಗಿ ನೀರು ಹಾಯಿಸಿ ಬಸಿಗಾಲುವೆಯಿಲ್ಲದ ಕಡೆ, ನೆಲದಾಳದ ಉಪ್ಪು ನೀರಿನೊಡನೆ ಮೇಲಕ್ಕೆ ಬಂದು ಕಪ್ಪು ಮಣ್ಣು ಬೆಳ್ಳಗಾಗಿರುವುದನ್ನು ಕಾಣಬಹುದು. ನಗರದ ಮನೆಯ ಹೂಕುಂಡದಲ್ಲಿಯೂ ಇದೇ ಸಂಗತಿ. ಗಡುಸಾದ ಕೊಳವೆಬಾವಿಯ ನೀರನ್ನು ದಿನವೂ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಬಂದರೆ ಕುಂಡದ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತದೆ, ಎಲೆಯ ತುದಿಗಳು ಕಂದುತ್ತವೆ. ಕುಂಡದ ತಳದ ರಂಧ್ರವು ತೆರೆದಿದೆಯೇ ಎಂದು ನೋಡಿ, ಆಗಾಗ ಮಳೆಯ ನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿ ಮಣ್ಣನ್ನು ತೊಳೆಯುವುದೇ ಇದಕ್ಕೆ ಮದ್ದು. ಉಪ್ಪು ಹಾಕಿ ನಡೆಸುವ ಯಂತ್ರದಿಂದ ಮೆದುಮಾಡಿದ ನೀರನ್ನು ಗಿಡಗಳಿಗೆ ಹಾಕಬಾರದು. ಆ ನೀರಿನಲ್ಲಿ ಸುಣ್ಣದ ಬದಲು ಸೋಡಿಯಂ ಸೇರಿರುತ್ತದೆ.

ಈಗಿನ ಶಾಸ್ತ್ರಜ್ಞರು ಈ ಕಾವಲಿನ ವಿದ್ಯೆಯನ್ನು ಬೇರೆ ಪೈರುಗಳಿಗೆ ಕಲಿಸಲಾಗದೇ ಎಂದು ಯತ್ನಿಸುತ್ತಿದ್ದಾರೆ. ಝಾಂಗ್ ಮತ್ತು ಬ್ಲಮ್‌ವಾಲ್ಡ್ ಎಂಬವರು ರಸದಾನಿಯ ಬಾಗಿಲಿನ ಪ್ರೋಟೀನನ್ನು ಟೊಮೇಟೊ ಗಿಡದಲ್ಲಿ ಹೆಚ್ಚಿಸಿ, ಲೀಟರಿಗೆ ಸುಮಾರು 12 ಗ್ರಾಂ ಉಪ್ಪುಳ್ಳ ನೀರಿನಲ್ಲಿ ಅದನ್ನು ಬೆಳೆಯಿಸಿ ಹಣ್ಣು ಪಡೆದುದಾಗಿ 2001ರಲ್ಲಿ ತಿಳಿಸಿದರು; ಉಪ್ಪು ಎಲೆಗಳಲ್ಲಿ ನಿಂತಿತು, ಹಣ್ಣಿಗೆ ಹೆಚ್ಚಾಗಿ ಸೇರಲಿಲ್ಲ. ಕೇರಳದ ಪೊಕ್ಕಾಳಿ ಭತ್ತದಿಂದ ಉಪ್ಪನ್ನು ತಾಳುವ ವಂಶಭಾಗವೊಂದನ್ನು ತೆಗೆದು ಹೆಚ್ಚು ಇಳುವರಿಯ ತಳಿಗಳಿಗೆ ಸೇರಿಸಿದ್ದಾರೆ. ಆದರೂ, ನಾವು ಮೇಲೆ ಕಂಡಂತೆ, ಈ ಮನೆವಾರ್ತೆಯು ಒಂದು ಬೀಗದ ಕೈಯಿಂದ ನಡೆಯುವುದಲ್ಲ. ಹೆಬ್ಬಾಗಿಲು, ದಾರಿ, ಉಗ್ರಾಣ, ತೂಕ ಇವೆಲ್ಲವೂ ಹೊಂದಿಕೊಂಡು ನಡೆಯಬೇಕು. ಅದಕ್ಕಾಗಿ ಶಾಸ್ತ್ರಜ್ಞರು ಮತ್ತೆ ಮತ್ತೆ ಕೈಚಾಚುವುದು ಪೊಕ್ಕಾಳಿ, ನೋನಾ ಬೋಕ್ರಾಗಳಂತಹ ಹಳೆಯ ಒಕ್ಕಲಿಗರ ಭತ್ತಗಳ ಕಡೆಗೇ.

ನಮ್ಮ ಕಗ್ಗವು ಅದೇ ಸಾಲಿನದು. ಇಂದು ಎಷ್ಟೋ ಗಜನಿಗಳಲ್ಲಿ ಒಡ್ಡು ಕೆಟ್ಟು ಭತ್ತ ಬಿತ್ತುವುದು ನಿಂತಿದೆ. ಎಷ್ಟೋ ಕಡೆ ಸಿಗಡಿಯ ಸಾಕಣೆಯೊಂದೇ ಉಳಿದಿದೆ. ಸಿಗಡಿಯಿಂದ ಬರುವ ಹಣವನ್ನು ನಾವು ಹಳಿಯುವುದಿಲ್ಲ. ಸಂಸಾರ ನಡೆಯಿಸಬೇಕಾದವನಿಗೆ ಅದರ ಬೆಲೆ ತಿಳಿದಿದೆ. ಆದರೆ ಭತ್ತದ ಬೀಜವು ಪಣತದಲ್ಲಿಟ್ಟ ಚಿನ್ನದಂತಲ್ಲ. ಮನೆಯಲ್ಲಿ ಸುಮ್ಮನೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಅದರ ಮೊಳಕೆಯ ಶಕ್ತಿ ಹೋಗುತ್ತದೆ. ಅದನ್ನು ಬಿತ್ತಬೇಕು, ಕೊಯ್ಯಬೇಕು, ಮತ್ತೆ ಬಿತ್ತಬೇಕು. ಕಡಲು ಮೆಲ್ಲಮೆಲ್ಲನೆ ಏರುತ್ತಿರುವ ಈ ಕಾಲದಲ್ಲಿ, ಉಪ್ಪಿನ ನೆರೆಯಲ್ಲಿ ಸಂಸಾರ ಮಾಡಲು ಬಲ್ಲ ಬೀಜವು ನಮಗೆ ಬೇಕಾಗುವ ದಿನ ದೂರವಿಲ್ಲ. ಕರಾವಳಿಯ ಕಡೆಗೆ ಹೋಗುವ ವಾಚಕರು ಅಂಗಡಿಯಲ್ಲಿ ಕಗ್ಗದ ಕೆಂಪಕ್ಕಿ ದೊರೆಯುವುದೇ ಎಂದು ಒಮ್ಮೆ ವಿಚಾರಿಸಿ ನೋಡಲಿ. ಕೊಳ್ಳುವ ಮನೆಯಿದ್ದರೆ ಬಿತ್ತುವ ಕೈಯೂ ಇರುತ್ತದೆ.